ಸೊಂಟದ ಸುತ್ತಳತೆ ಮತ್ತು ಬೊಜ್ಜು: ಪೆನುಕೊಂಡ ಸೀಮೆಯ ವಯಸ್ಕರಲ್ಲಿ

ಆರೋಗ್ಯ ಕೆಡಿಸುವಷ್ಟು ಕೊಬ್ಬು ಮೈಯಲ್ಲಿ ಶೇಖರವಾದ ಸ್ಥಿತಿಗೆ ಬೊಜ್ಜು ಅಥವಾ ಸ್ಥೂಲಕಾಯ ಎಂದು ಹೆಸರು. ಕೊಬ್ಬು ಎಷ್ಟಿದೆ ಎನ್ನುವುದರ ಜೊತೆಗೆ ಎಲ್ಲಿ ಕೂತಿದೆ ಎನ್ನುವುದೂ ಮುಖ್ಯ. ತೊಡೆ, ಪಿರ್ರೆಗಳಲ್ಲಿ ಚರ್ಮದಡಿ ಇರುವ ಕೊಬ್ಬು ಅಷ್ಟಾಗಿ ಕಾಟ ಕೊಡುವುದಿಲ್ಲ. ಹೊಟ್ಟೆಯೊಳಗೆ ಕರುಳಿನ ಸುತ್ತ, ಯಕೃತ್ತಿನ ಆಸುಪಾಸಿನಲ್ಲಿ ಸೇರಿದ ಕೊಬ್ಬು ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ದಾರಿ ಮಾಡುತ್ತದೆ. ಫ್ರಾನ್ಸಿನ ಮಾರ್ಸೇ ನಗರದ ವೈದ್ಯ ಜಾನ್ ವಾಗ್ 1947ರಲ್ಲೇ ಈ ಭೇದವನ್ನು ಗುರುತಿಸಿದ್ದ. ವೈದ್ಯಲೋಕ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲು ಹಲವು ದಶಕಗಳೇ ಹಿಡಿದವು.

ಪೆನುಕೊಂಡ, ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗಗಳ ಸೀಮೆ ಆಂಧ್ರಪ್ರದೇಶದಲ್ಲಿದ್ದರೂ ಕರ್ನಾಟಕದ ಪಾವಗಡ, ಮಧುಗಿರಿ, ಗೌರಿಬಿದನೂರುಗಳಿಗೆ ಒತ್ತಿಕೊಂಡಿದೆ. ಮಡಕಶಿರಾ, ರೊಳ್ಳ, ಅಗಳಿ, ಗುಡಿಬಂಡೆ, ಅಮರಾಪುರಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. 2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆ ಒಡೆದಾಗ ಪೆನುಕೊಂಡ, ಹಿಂದೂಪುರ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಕಲ್ಯಾಣದುರ್ಗ ಹಳೆಯ ಜಿಲ್ಲೆಯಲ್ಲೇ ಉಳಿಯಿತು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ನೆಲ ಇದು. ಬರಕ್ಕೆ ಹೆಸರಾದ ಊರುಗಳ ಬಗ್ಗೆ ಬರೆಯುವಾಗ ಬೊಜ್ಜಿನ ಮಾತೇಕೆ ಎನ್ನಿಸಬಹುದು. ಆದರೆ ಬರ ಕಂಡ ಮೈಗೇ ಹೊಟ್ಟೆ ಬೇಗ ಬರುತ್ತದೆ, ಅದೂ ತೂಕ ಹೆಚ್ಚೇನೂ ಏರದೆ ಬರುತ್ತದೆ. ಹಾಗಾಗಿ ಇಲ್ಲಿನ ಸಾಮಾನ್ಯ ವಯಸ್ಕರ ಮಟ್ಟಿಗೆ ತೂಕದ ಯಂತ್ರಕ್ಕಿಂತ ಅಳತೆಪಟ್ಟಿಯನ್ನು ನಂಬುವುದು ಮೇಲು.

ಅಳತೆಗಳು

ಎತ್ತರಕ್ಕೆ ತಕ್ಕ ತೂಕವನ್ನು ಲೆಕ್ಕ ಹಾಕುವ ಸೂತ್ರ ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕ್ವೆಟಲೆ 19ನೇ ಶತಮಾನದ ಮೊದಲರ್ಧದಲ್ಲಿ ಹಾಕಿಕೊಟ್ಟದ್ದು. ಕಿಲೊಗ್ರಾಂಗಳಲ್ಲಿನ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಗೆ 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಬಾಡಿ ಮಾಸ್ ಇಂಡೆಕ್ಸ್ ಎಂದು ಹೆಸರಿಟ್ಟ. ಬಿಎಂಐ ಎಂದು ಇಂದು ಎಲ್ಲರ ಬಾಯಲ್ಲಿರುವುದು ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದು 25 ಮುಟ್ಟಿದರೆ ಅಧಿಕ ತೂಕ, 30 ಮುಟ್ಟಿದರೆ ಬೊಜ್ಜು. ಏಷ್ಯಾದವರಿಗೆ ಈ ಗೆರೆ ಸಡಿಲವಾಯಿತೆಂದು ಅದೇ ಸಂಸ್ಥೆಯ ತಜ್ಞರು 2004ರಲ್ಲಿ 23 ಮತ್ತು 27.5ರ ಎಚ್ಚರಿಕೆಯ ಅಂಕಿಗಳನ್ನು ಸೂಚಿಸಿದರು. ಭಾರತದ ವೈದ್ಯರು 2009ರ ಒಮ್ಮತದ ಮಾರ್ಗಸೂಚಿಯಲ್ಲಿ ಇನ್ನೂ ಬಿಗಿ ಮಾಡಿ 23ರಿಂದ ಅಧಿಕ ತೂಕ, 25ರಿಂದ ಬೊಜ್ಜು ಎಂದರು.

ಅದೇ ಮಾರ್ಗಸೂಚಿ ಸೊಂಟಕ್ಕೂ ಗೆರೆ ಎಳೆಯಿತು. ಗಂಡಸರಿಗೆ 78 ಸೆಂಟಿಮೀಟರ್ ದಾಟಿದರೆ ಎಚ್ಚರ, 90 ದಾಟಿದರೆ ವೈದ್ಯರ ಬಳಿ ಹೋಗಬೇಕು. ಹೆಂಗಸರಿಗೆ 72 ಮತ್ತು 80. ಇಂಚಿನಲ್ಲಿ ಹೇಳುವುದಾದರೆ ಗಂಡಸಿಗೆ ಮೂವತ್ತೈದೂವರೆ, ಹೆಂಗಸಿಗೆ ಮೂವತ್ತೊಂದೂವರೆ.

ಒಂದು ಉದಾಹರಣೆ. 165 ಸೆಂಟಿಮೀಟರ್ ಎತ್ತರ, 66 ಕಿಲೊ ತೂಕದ ನಲವತ್ತರ ಗಂಡಸಿನ ಬಿಎಂಐ 24.2. ಜಾಗತಿಕ ಪಟ್ಟಿಯಲ್ಲಿ ಅವನು ಸರಿಯಾಗಿದ್ದಾನೆ. ಊರವರ ಕಣ್ಣಿಗಂತೂ ತೆಳ್ಳಗೇ ಇದ್ದಾನೆ. ಕೈಕಾಲು ಸಣ್ಣ, ಮುಖ ಬತ್ತಿದಂತಿದೆ. ಪಟ್ಟಿ ಹಿಡಿದು ನೋಡಿದರೆ ಸೊಂಟ 94. ಹಿಂದೂಪುರದ ಯಾವ ಬಸ್‌ಸ್ಟ್ಯಾಂಡಿನಲ್ಲಿ ನಿಂತರೂ ಇಂಥ ಹತ್ತು ಜನ ಸಿಗುತ್ತಾರೆ. ಹೊಟ್ಟೆಯ ಬಗ್ಗೆ ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: "ಇದು ಬರೀ ಗ್ಯಾಸು." ಗ್ಯಾಸಿನ ಉಬ್ಬರ ಬೆಳಿಗ್ಗೆ ಇಳಿದು ರಾತ್ರಿ ಏರುತ್ತದೆ, ಹೊಟ್ಟೆಯ ಬೊಜ್ಜು ಹಾಗೆ ಗಂಟೆಗೊಮ್ಮೆ ಏರಿಳಿಯುವುದಿಲ್ಲ.

ಅಳೆಯುವುದರಲ್ಲೂ ಕ್ರಮವಿದೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು ಎರಡನ್ನೂ ಬೆರಳಲ್ಲಿ ಮುಟ್ಟಿ ನೋಡಿ, ನಡುಮಧ್ಯದಲ್ಲಿ ಪಟ್ಟಿ ಸುತ್ತಬೇಕು. ಪಟ್ಟಿ ನೆಲಕ್ಕೆ ಸಮನಾಗಿರಬೇಕು, ಬಟ್ಟೆಯ ಮೇಲಲ್ಲ, ಮೈಮೇಲೇ ಇರಬೇಕು. ಉಸಿರು ಬಿಟ್ಟ ಮೇಲೆ ಓದಬೇಕು. ಹೊಟ್ಟೆ ಒಳಗೆಳೆದುಕೊಂಡು ಪೋಲೀಸ್ ಆಯ್ಕೆಗೆ ನಿಂತವರಂತೆ ಉಸಿರು ಕಟ್ಟಬಾರದು. ಪ್ಯಾಂಟಿನ ಸೈಜು ಲೆಕ್ಕಕ್ಕೆ ಬಾರದು. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸಿ ಹಾಕುತ್ತಾರೆ, ಇಪ್ಪತ್ತು ವರ್ಷದಿಂದ 34ರಲ್ಲೇ ಇದ್ದೇನೆ ಎಂದು ಬೀಗುತ್ತಾರೆ. ಪಟ್ಟಿ ಇಲ್ಲದ ಮನೆಯಲ್ಲಿ ದಾರ ಸಾಕು: ಎತ್ತರದಷ್ಟು ದಾರವನ್ನು ಅರ್ಧಕ್ಕೆ ಮಡಿಸಿ ಸೊಂಟಕ್ಕೆ ಸುತ್ತಿದರೆ ತುದಿಗಳು ಕೂಡಬೇಕು. ಕೂಡದಿದ್ದರೆ ಸೊಂಟ ಎತ್ತರದ ಅರ್ಧಕ್ಕಿಂತ ಹೆಚ್ಚಿದೆ ಎಂದರ್ಥ. ಈ ಅರ್ಧದ ನಿಯಮವನ್ನು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2022ರಲ್ಲಿ ಸೇರಿಸಿಕೊಂಡಿತು.

ಈ ಸೀಮೆಯ ಗಂಡಸರಿಗೆ ಅಂಥ ದಾರ ಹೊಸದೇನಲ್ಲ. ಉಡುದಾರ ಬಿಗಿಯಾಗಿ ಮೈಮೇಲೆ ಗೆರೆ ಮೂಡಿಸಿದಾಗ ಅದನ್ನು ಕತ್ತರಿಸಿ ಹೊಸದು ಕಟ್ಟಿಕೊಳ್ಳುತ್ತಾರೆ, ಅಷ್ಟೇ; ಎಷ್ಟು ಬೆರಳು ಉದ್ದ ಬೇಕಾಯಿತೆಂದು ಯಾರೂ ಲೆಕ್ಕ ಇಡುವುದಿಲ್ಲ. ಪಂಚೆ, ಲುಂಗಿ, ಸೀರೆ, ನೈಟಿ, ಲಾಡಿ ಕಟ್ಟುವ ಲಂಗ ಯಾವುದಕ್ಕೂ ಅಂಕಿಯಿಲ್ಲ. ಬೆಲ್ಟಿನ ತೂತು ದಾಟಿದಾಗ ಸಿಗುವ ಸೂಚನೆ ಇಂಥ ಉಡುಪಿನಲ್ಲಿ ಸಿಗುವುದಿಲ್ಲ. ಐದಾರು ವರ್ಷದಲ್ಲಿ ಹತ್ತು ಸೆಂಟಿಮೀಟರ್ ಸೇರಿದರೂ ಗೊತ್ತಾಗದೆ ಹೋಗಲು ಇದೂ ಒಂದು ಕಾರಣ ಎಂದು ನನ್ನ ಎಣಿಕೆ.

ಹಳೆಯ ದಾಖಲೆ

ಚರಕ ಸಂಹಿತೆಯ ಸೂತ್ರಸ್ಥಾನದ 21ನೇ ಅಧ್ಯಾಯ ಅತಿಸ್ಥೂಲ ಮತ್ತು ಅತಿಕೃಶರನ್ನು ಕುರಿತದ್ದು. ಪಿರ್ರೆ, ಹೊಟ್ಟೆ, ಎದೆಗಳು ನಡೆಯುವಾಗ ಅಲುಗಾಡುವಷ್ಟು ಮೇದಸ್ಸು ಬೆಳೆದವನನ್ನು ಅದು ಅತಿಸ್ಥೂಲನೆನ್ನುತ್ತದೆ. ಅತಿಯಾದ ಊಟ, ಸಿಹಿ ಮತ್ತು ಜಿಡ್ಡು, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ದೆಗಳನ್ನು ಕಾರಣವಾಗಿ ಹೇಳಿ, ಬೀಜಸ್ವಭಾವ ಎಂದು ವಂಶವನ್ನೂ ಸೇರಿಸುತ್ತದೆ. ಅದು ಸೂಚಿಸುವ ಪಥ್ಯದಲ್ಲಿ ನವಣೆ, ಸಾಮೆ, ಹಾರಕ, ಜೋಳ, ಹೆಸರು, ಹುರುಳಿಗಳಿವೆ. ಮಡಕಶಿರಾ ಕಡೆಯ ಹೊಲಗಳಲ್ಲಿ ಕಡಲೆಕಾಯಿ ಆವರಿಸುವ ಮೊದಲು ಬೆಳೆಯುತ್ತಿದ್ದ ಕಾಳುಗಳ ಪಟ್ಟಿಯೇ ಹೆಚ್ಚುಕಡಿಮೆ ಇದು.

ವಿಜಯನಗರಕ್ಕೆ ಪೆನುಕೊಂಡ ಮುಖ್ಯ ಕೋಟೆಗಳಲ್ಲೊಂದು. 1565ರ ಸೋಲಿನ ಮೇಲೆ ರಾಜಧಾನಿಯೇ ಇಲ್ಲಿಗೆ ಬಂತು. ಅದಕ್ಕೂ ಮುಂಚೆ, ಸುಮಾರು 1520ರಲ್ಲಿ ಹಂಪೆಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ಮೈಕಟ್ಟನ್ನು ವರ್ಣಿಸುತ್ತ, ಮಧ್ಯಮ ಎತ್ತರ, ತೆಳುವಿಗಿಂತ ದಪ್ಪದ ಕಡೆಗೇ ವಾಲಿದ ಮೈ ಎಂದು ಬರೆದಿದ್ದಾನೆ. ಅರಸ ಬೆಳಗಾಗುವ ಮುನ್ನ ಮುಕ್ಕಾಲು ಪಿಂಟ್‌ನಷ್ಟು ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಹಚ್ಚಿಕೊಂಡು, ಮಣ್ಣಿನ ಭಾರವಾದ ಗುಂಡುಗಳನ್ನೆತ್ತಿ, ಕತ್ತಿ ವರಸೆ ಮಾಡಿ, ಎಣ್ಣೆಯೆಲ್ಲ ಬೆವರಾಗಿ ಹೋಗುವವರೆಗೆ ಸಾಧನೆ ಮಾಡಿ, ಆಮೇಲೆ ಜಟ್ಟಿಯೊಡನೆ ಕುಸ್ತಿ ಆಡಿ, ಕುದುರೆ ಏರುತ್ತಿದ್ದನಂತೆ. ಕುಡಿದ ಎಣ್ಣೆ ಬೆವರಾಗಿ ಬರುವುದಿಲ್ಲ. ಅಷ್ಟು ಎಣ್ಣೆಯಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಕ್ಯಾಲೊರಿ ಇರುತ್ತದೆ, ಅದನ್ನು ಕರಗಿಸಲು ಕುಸ್ತಿ, ಸವಾರಿ ಎರಡೂ ಬೇಕಾಗುತ್ತಿದ್ದವೇನೋ. ದಪ್ಪ ಮೈ ಮತ್ತು ಕಸುವು ಒಟ್ಟಿಗೇ ಇರಬಲ್ಲವು ಎನ್ನುವುದಕ್ಕೆ ಇದಕ್ಕಿಂತ ಪ್ರಸಿದ್ಧ ಸಾಕ್ಷಿ ಈ ಸೀಮೆಗೆ ಸಿಗಲಾರದು.

ಅರಸನ ಮೈಗಿಂತ ರೈತನ ಮೈಯ ಕಥೆ ಬೇರೆ. 1876–78ರ ಮಹಾಕ್ಷಾಮದಲ್ಲಿ, ಧಾತು ಸಂವತ್ಸರದ ಕರುವು ಎಂದು ತೆಲುಗರು ನೆನೆಯುವ ಬರದಲ್ಲಿ, ಆಗಿನ ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲ್ಲೂಕುಗಳು ನಲುಗಿದವು. (ಅನಂತಪುರ ಬೇರೆ ಜಿಲ್ಲೆಯಾದದ್ದು 1882ರಲ್ಲಿ.) ಪರಿಹಾರ ಕಾಮಗಾರಿಯ ಕೂಲಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಸಾಕೆಂದು ಬ್ರಿಟಿಷ್ ಸರ್ಕಾರದ ಕ್ಷಾಮ ಪ್ರತಿನಿಧಿ ರಿಚರ್ಡ್ ಟೆಂಪಲ್ ಗೊತ್ತುಮಾಡಿದ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಅದು ದುಡಿಯುವ ಮೈಗೆ ಸಾಲದೆಂದು ವಾದಿಸಿದ. 1950ರ ದಶಕದ ಆರಂಭದ ಬರದಲ್ಲೂ ರಾಯಲಸೀಮೆಯಲ್ಲಿ ಗಂಜಿ ಕೇಂದ್ರಗಳು ನಡೆದವು. ಇಂದು ಎಪ್ಪತ್ತು ದಾಟಿದವರು ಹೊಟ್ಟೆಯಲ್ಲಿದ್ದಾಗ ಅವರ ತಾಯಂದಿರು ಉಂಡ ಊಟ ಆ ಕಾಲದ್ದು.

ಗರ್ಭದ ಹಸಿವು ಮುಂದಿನ ಆರೋಗ್ಯವನ್ನು ತಿದ್ದುತ್ತದೆ ಎಂಬ ವಾದವನ್ನು ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಮುಂದಿಟ್ಟಾಗ ಅದನ್ನು ಭಾರತದಲ್ಲಿ ಪರೀಕ್ಷಿಸಲು ಒದಗಿಬಂದದ್ದು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಮಿಷನ್ ಆಸ್ಪತ್ರೆ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಹಾಗೆ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಹುಡುಕಿ ತಪಾಸಣೆ ಮಾಡಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು: ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಿತ್ತು. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮೈಸೂರು ಅಷ್ಟು ನೇರ ಉತ್ತರ ಕೊಡಲಿಲ್ಲ. ಅಲ್ಲಿ ಅದು ಹೆಚ್ಚು ಕಂಡದ್ದು ಗಿಡ್ಡಗೆ, ಗುಂಡಗೆ ಹುಟ್ಟಿದವರಲ್ಲಿ. ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಭಾರತೀಯ ಶಿಶುಗಳು ಸಣ್ಣಗಿದ್ದರೂ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಹೊತ್ತು ಹುಟ್ಟುತ್ತವೆ ಎಂದು ತೋರಿಸಿದರು. 2004ರಲ್ಲಿ ಅವರೂ ಲಂಡನ್ನಿನ ಜಾನ್ ಯುಡ್ಕಿನ್ನರೂ ಅಕ್ಕಪಕ್ಕ ನಿಂತ ಚಿತ್ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿಎಂಐ 22.3. ಯುಡ್ಕಿನ್ನರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2.

ಚರ್ಮದಡಿ ಕೊಬ್ಬು ತುಂಬಿಡುವ ಜಾಗ ದಕ್ಷಿಣ ಏಷ್ಯಾದವರಲ್ಲಿ ಬೇಗ ಮುಗಿಯುತ್ತದೆ, ಮಿಕ್ಕದ್ದು ಹೊಟ್ಟೆಯೊಳಗೆ ಹೋಗುತ್ತದೆ ಎನ್ನುವುದು ಇದಕ್ಕೆ ಕೊಡುವ ಒಂದು ವಿವರಣೆ. ಅಲ್ಲಿಂದ ಹೊರಟ ಕೊಬ್ಬಿನ ಆಮ್ಲಗಳು ನೇರವಾಗಿ ಯಕೃತ್ತಿಗೆ ಸೇರುತ್ತವೆ. ಇನ್ಸುಲಿನ್ ಮಾತಿಗೆ ಮೈ ಓಗೊಡುವುದು ಕಡಿಮೆಯಾಗುತ್ತದೆ. ಸ್ಕ್ಯಾನಿಂಗ್ ವರದಿಯಲ್ಲಿ ಫ್ಯಾಟಿ ಲಿವರ್ ಎಂದು ಬರುವುದು ಈ ಹಂತದಲ್ಲೇ.

ಊಟ, ದುಡಿಮೆ, ಮದುವೆಯ ಬಳಿಕ

1983ರಲ್ಲಿ ಮುಖ್ಯಮಂತ್ರಿಯಾದ ಎನ್. ಟಿ. ರಾಮರಾವ್ ಕಿಲೊಗೆ ಎರಡು ರೂಪಾಯಿಯಂತೆ ಅಕ್ಕಿ ಕೊಡಿಸಿದರು. ಮುಂದೆ 1985, 1989, 1994ರ ಚುನಾವಣೆಗಳಲ್ಲಿ ಅವರು ಗೆದ್ದದ್ದು ಹಿಂದೂಪುರದಿಂದಲೇ. ಹಬ್ಬಕ್ಕೆ, ನೆಂಟರಿಗೆ, ಕಾಯಿಲೆಯವರಿಗೆ ಮೀಸಲಾಗಿದ್ದ ಅನ್ನ ದಿನಾ ತಟ್ಟೆಗೆ ಬಂತು. ಹಸಿದವರಿಗೆ ಅದು ಮಾಡಿದ ಉಪಕಾರ ಸಣ್ಣದಲ್ಲ. ಆ ಅಕ್ಕಿಯನ್ನು ಇಂದಿನ ಹೊಟ್ಟೆಗೆ ಹೊಣೆ ಮಾಡುವುದು ಕೃತಘ್ನತೆ. ಆದರೆ ನವಣೆ, ಸಾಮೆ, ಸಜ್ಜೆಗಳು ಅಡುಗೆಮನೆಯಿಂದ ಹೊರಬಿದ್ದ ಕಾಲವೂ ಅದೇ. ರಾಗಿ ಮಾತ್ರ ಮುದ್ದೆಯಾಗಿ, ತೆಲುಗರ ಸಂಗಟಿಯಾಗಿ ಉಳಿದುಕೊಂಡಿತು.

ಮುದ್ದೆ ತಿಂದರೆ ಹೊಟ್ಟೆ ಕರಗುತ್ತದೆ ಎಂಬ ಮಾತು ಈಗ ಬೆಂಗಳೂರಿನಿಂದ ವಾಪಸು ಬಂದು ಇಲ್ಲೂ ಹಬ್ಬಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ ಸುಮಾರು 356. ಅಂತರ ದೊಡ್ಡದಲ್ಲ. ನಾರಿನಲ್ಲಿ ಮಾತ್ರ ರಾಗಿ ಬಹಳ ಮುಂದು: 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ಬೇಗ ಹೊಟ್ಟೆ ತುಂಬುತ್ತದೆ, ತಡವಾಗಿ ಹಸಿಯುತ್ತದೆ, ಅಷ್ಟು ಲಾಭ. ಎರಡು ದೊಡ್ಡ ಮುದ್ದೆ ನುಂಗಿ ಮಂಚದ ಮೇಲೆ ಒರಗಿದರೆ ರಾಗಿಯೂ ಬೊಜ್ಜೇ. ಅಜ್ಜಂದಿರ ಸೊಂಟ ಕಾದದ್ದು ಮುದ್ದೆಯಲ್ಲ, ಮುದ್ದೆಯ ಮೊದಲೂ ಆಮೇಲೂ ಇದ್ದ ಗೇಮೆ.

ಎಣ್ಣೆಯ ವಿಷಯ ಹೆಚ್ಚು ಗಂಭೀರ. ಕಡಲೆಕಾಯಿ ಬೆಳೆದು ಮಂಡಿಗೆ ಹಾಕಿ, ಅಂಗಡಿಯಿಂದ ಪಾಮಾಯಿಲ್ ಪ್ಯಾಕೆಟ್ ತರುವ ಮನೆಗಳು ಈ ಸೀಮೆಯಲ್ಲಿ ಎಷ್ಟೋ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ, ಗಾಣದ್ದಾದರೂ ಪ್ಯಾಕೆಟ್ಟಿನದಾದರೂ ಅಷ್ಟೇ. ಅನಂತಪುರ ಕಡೆಯ ಬೆಳಗಿನ ತಿಂಡಿ ಉಗ್ಗಾನಿ-ಬಜ್ಜಿ. ನೆನೆಸಿದ ಮಂಡಕ್ಕಿಯ ಒಗ್ಗರಣೆ, ಹುರಿಗಡಲೆ ಪುಡಿ ಉದುರಿಸಿದ ಉಗ್ಗಾನಿ ಹಗುರವೇ. ಜೊತೆಗೆ ಬರುವ ಮೆಣಸಿನಕಾಯಿ ಬಜ್ಜಿ, ಎರಡನ್ನು ಕೇಳಿದರೆ ನಾಲ್ಕನ್ನು ಹಾಕುವ ಹೋಟೆಲಿನವರ ಧಾರಾಳ, ಆಮೇಲಿನ ಸಕ್ಕರೆ ಟೀ ಹಗುರವಲ್ಲ.

ದುಡಿಮೆಯ ಬದಲಾವಣೆ ಊಟದಷ್ಟೇ ದೊಡ್ಡದು. ಬೋರ್‌ವೆಲ್, ಟ್ರ್ಯಾಕ್ಟರ್, ಮಿಕ್ಸಿ, ಬೈಕು ಒಂದೊಂದೂ ಮೈಗೆ ಬೀಳುತ್ತಿದ್ದ ಕೆಲಸವನ್ನು ಕಿತ್ತುಕೊಂಡವು, ಕಿತ್ತುಕೊಂಡದ್ದು ಒಳ್ಳೆಯದೇ ಆಯಿತು. 2019ರಲ್ಲಿ ಪೆನುಕೊಂಡ ಪಕ್ಕದ ಎರ್ರಮಂಚಿಯ ಕಿಯಾ ಕಾರ್ಖಾನೆಯಿಂದ ಕಾರುಗಳು ಹೊರಬರತೊಡಗಿದವು. ಪಾಳಿಯ ಕೆಲಸ, ಕಂಪನಿ ಬಸ್ಸು, ಕ್ಯಾಂಟೀನಿನ ಊಟ ಹೊಲದ ಮಕ್ಕಳಿಗೆ ಹೊಸ ಜೀವನಕ್ರಮ. ರಾತ್ರಿ ಪಾಳಿಯವರಲ್ಲಿ ತೂಕ ಏರುವ ಸಂಭವ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು ದಿನವಿಡೀ ಮಿಷಿನ್ ಮುಂದೆ ಕೂತು, ಸಂಜೆ ಮನೆಯಲ್ಲಿ ನಿಂತು ದುಡಿಯುತ್ತಾರೆ. ದಣಿವು ಬರುತ್ತದೆ, ವ್ಯಾಯಾಮ ಆಗುವುದಿಲ್ಲ. 2022ರಲ್ಲಿ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಮಂದಿ ಸಾಕಷ್ಟು ಮೈ ಆಡಿಸುತ್ತಿರಲಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಲೆಕ್ಕ, ಹೆಂಗಸರಲ್ಲಿ ಶೇ. 57, ಗಂಡಸರಲ್ಲಿ ಶೇ. 42.

"ಆಪರೇಷನ್ ಆದ ಮೇಲೆ ಮೈ ಬಂತು" ಎಂದು ಹೇಳದ ಹೆಂಗಸು ಈ ಕಡೆ ಅಪರೂಪ. ಆಂಧ್ರದಲ್ಲಿ ಮದುವೆಯಾದ ಹೆಂಗಸರಲ್ಲಿ ಸುಮಾರು ಶೇ. 70 ಮಂದಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡವರು, ಬಹುಪಾಲು ಎಳೆಯ ವಯಸ್ಸಿನಲ್ಲೇ. ನಾಳ ಕಟ್ಟಿದ್ದರಿಂದ ಕೊಬ್ಬು ಸೇರುವುದಿಲ್ಲ. ಆದರೆ ಬೆನ್ನುಬೆನ್ನಿಗೆ ಎರಡು ಬಸಿರು, ತವರಿನ ಬಾಣಂತನದ ತುಪ್ಪ-ಕೊಬ್ಬರಿ, ಭಾರ ಎತ್ತಬೇಡ ಎಂಬ ಎಚ್ಚರಿಕೆ, ಆಮೇಲೆ ಮಕ್ಕಳು ಬಿಟ್ಟದ್ದನ್ನು ಚೆಲ್ಲಲಾರದೆ ತಿನ್ನುವುದು ಎಲ್ಲ ಆ ಮೂರು ನಾಲ್ಕು ವರ್ಷಗಳಲ್ಲೇ ಕೂಡಿ ಬರುತ್ತವೆ. ಮುಟ್ಟು ನಿಂತ ಮೇಲೆ ತೊಡೆಯ ಕೊಬ್ಬು ಹೊಟ್ಟೆಯ ಕಡೆ ಸರಿಯುತ್ತದೆ. ತೂಕ ಅಷ್ಟೇ ಇದ್ದು ಸೊಂಟ ಹಿಗ್ಗುವ ವಯಸ್ಸು ಅದು. ಥೈರಾಯ್ಡ್ ಕುಗ್ಗಿದರೆ ತೂಕ ಏರುವುದು ನಿಜವಾದರೂ ಕೆಲವೇ ಕಿಲೊ. ಕೀಲುನೋವಿಗೆ ತಿಂಗಳುಗಟ್ಟಲೆ ನುಂಗುವ ಸ್ಟೀರಾಯ್ಡ್, ಕೆಲವು ಮನೋರೋಗದ ಔಷಧಗಳು, ಇನ್ಸುಲಿನ್ ಕೂಡ ತೂಕ ಏರಿಸಬಲ್ಲವು. ಗಂಡಸರಲ್ಲಿ ಬಸಿರು, ಬಾಣಂತನದ ಜಾಗಕ್ಕೆ ಬರುವುದು ಸಂಜೆಯ ಬಾಟಲಿ ಮತ್ತು ಅದರ ಜೊತೆಯ ಕರಿದ ತಿಂಡಿ.

ಇದೆಲ್ಲವನ್ನೂ ಊರು ಹೊಗಳಿಕೆಯ ಧಾಟಿಯಲ್ಲೇ ನೋಡುತ್ತದೆ. ಮೈಕೈ ತುಂಬಿಕೊಂಡ ಅಳಿಯನನ್ನು ಕಂಡು ಅತ್ತೆಗೆ ಖುಷಿ; ತೂಕ ಇಳಿಸಿದವನನ್ನು "ಏನಪ್ಪಾ, ಹುಷಾರಿಲ್ವಾ?" ಎಂದು ಮೂರು ಜನ ಕೇಳುತ್ತಾರೆ. ಪೆನುಕೊಂಡಕ್ಕೆ ಬರುವ ಪ್ರವಾಸಿಗರು ಕೋಟೆಯ ಜೊತೆಗೆ ಮಲಗಿದ ಕುಂಭಕರ್ಣನ ಭಾರೀ ಮೂರ್ತಿಯನ್ನೂ ನೋಡಿ, ಅವನ ಹೊಟ್ಟೆಯ ಮುಂದೆ ಫೋಟೊ ತೆಗೆಸಿಕೊಂಡು ಹೋಗುತ್ತಾರೆ.

ಅಂಕಿಗಳು

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಬಿಎಂಐ 25 ಮುಟ್ಟಿದ ಅಥವಾ ದಾಟಿದವರು ಆಂಧ್ರದಲ್ಲಿ ಹೆಂಗಸರಲ್ಲಿ ಶೇ. 36.3, ಗಂಡಸರಲ್ಲಿ ಶೇ. 31.1. ಕರ್ನಾಟಕದಲ್ಲಿ ಕ್ರಮವಾಗಿ ಶೇ. 30.1 ಮತ್ತು 30.9, ದೇಶದಲ್ಲಿ ಶೇ. 24 ಮತ್ತು 22.9. ಅದೇ ಆಂಧ್ರದಲ್ಲಿ ಅದೇ ಹೊತ್ತಿಗೆ ಶೇ. 14.8ರಷ್ಟು ಹೆಂಗಸರು ಬಡಕಲಾಗಿದ್ದರು. ಸೊಂಟ ಮತ್ತು ನಿತಂಬದ ಅಳತೆಯನ್ನು ಈ ಸಮೀಕ್ಷೆ ಮೊದಲ ಬಾರಿ ತೆಗೆದುಕೊಂಡಿತು. ಅವುಗಳ ಅನುಪಾತ ಅಪಾಯದ ಗೆರೆ ದಾಟಿದವರು ದೇಶದಲ್ಲಿ ಹೆಂಗಸರಲ್ಲಿ ಶೇ. 56.7, ಗಂಡಸರಲ್ಲಿ ಶೇ. 47.7. ತೂಕದ ಲೆಕ್ಕಕ್ಕೆ ಸಿಕ್ಕವರ ಎರಡರಷ್ಟು ಜನ ಸೊಂಟದ ಲೆಕ್ಕಕ್ಕೆ ಸಿಕ್ಕರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಕ್ಕರೆ ಕಾಯಿಲೆ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ಮೈಪೂರ್ತಿ ಬೊಜ್ಜು ಶೇ. 28.6, ಹೊಟ್ಟೆಯ ಬೊಜ್ಜು ಶೇ. 39.5 ಎಂದು ತೋರಿಸಿತು.

ತಪಾಸಣೆ ಮತ್ತು ಚಿಕಿತ್ಸೆ

ಮೂವತ್ತು ದಾಟಿದವರಿಗೆಲ್ಲ ಆಶಾ ಕಾರ್ಯಕರ್ತೆ ಮನೆಬಾಗಿಲಲ್ಲಿ ತುಂಬಿಸಿಕೊಳ್ಳುವ ಸರ್ಕಾರಿ ನಮೂನೆಯಲ್ಲಿ ವಯಸ್ಸು, ತಂಬಾಕು, ಮದ್ಯ, ವ್ಯಾಯಾಮ, ವಂಶದ ಕಾಯಿಲೆಗಳ ಜೊತೆಗೆ ಸೊಂಟದ ಅಳತೆಗೂ ಒಂದು ಸಾಲಿದೆ. ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್‌ವರೆಗೆ ಸೊನ್ನೆ. ಅಲ್ಲಿಂದ ಹತ್ತು ಸೆಂಟಿಮೀಟರ್‌ವರೆಗೆ ಒಂದು ಅಂಕ, ಅದೂ ಮೀರಿದರೆ ಎರಡು. ಒಟ್ಟು ನಾಲ್ಕು ದಾಟಿದವರನ್ನು ಸಕ್ಕರೆ, ಬಿಪಿ ತಪಾಸಣೆಗೆ ಮೊದಲು ಕಳಿಸಬೇಕು. ಬಿಎಂಐಗೆ ಆ ಅಂಕಗಳಲ್ಲಿ ಜಾಗವೇ ಇಲ್ಲ, ಅದು ಸರಿಯಾದ ತೀರ್ಮಾನ. ತೊಡಕಿರುವುದು ಅಳೆಯುವುದರಲ್ಲಿ. ಬೀದಿಯಲ್ಲಿ ನಾಲ್ಕು ಜನರೆದುರು ಸೀರೆ ಸರಿಸಿ ಪಟ್ಟಿ ಹಿಡಿಸಿಕೊಳ್ಳಲು ಯಾವ ಹೆಂಗಸೂ ಒಪ್ಪಳು; ಗಂಡಸಿನ ಸೊಂಟಕ್ಕೆ ಪಟ್ಟಿ ಹಿಡಿಯಲು ಆಶಾ ಕಾರ್ಯಕರ್ತೆಗೇ ಸಂಕೋಚ. ಕಣ್ಣಂದಾಜಿನಲ್ಲಿ ಸಾಲು ತುಂಬಿಬಿಡುವ ಆಸೆ ಬರುವುದು ಸಹಜ. ಮಡಿಸಿದ ದಾರವನ್ನು ಕೈಗೆ ಕೊಟ್ಟು, ಒಳಗೆ ಹೋಗಿ ನೀವೇ ಸುತ್ತಿ ನೋಡಿ ಎಂದರೆ ಈ ತೊಡಕು ಮುಕ್ಕಾಲು ಪಾಲು ಕಳೆಯುತ್ತದೆ.

ಚಿಕಿತ್ಸೆಯ ಬುಡ ಊಟ ಮತ್ತು ನಡಿಗೆ. ಚೆನ್ನೈನ ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿಗೆ ತುಂಬ ಪ್ರಸ್ತುತ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ಪಥ್ಯ, ನಡಿಗೆ ಹೇಳಿಕೊಟ್ಟಾಗ ಕಾಯಿಲೆ ಬರುವ ಪ್ರಮಾಣ ಶೇ. 28.5ರಷ್ಟು ತಗ್ಗಿತು, ಅದೂ ತೂಕ ಹೇಳಿಕೊಳ್ಳುವಷ್ಟು ಇಳಿಯದೆ. ತಿಂಗಳು ನಡೆದು ಅರ್ಧ ಕಿಲೊ ಇಳಿಯಲಿಲ್ಲವೆಂದು ಚಪ್ಪಲಿ ಮೂಲೆಗಿಡುವವರು ಗಮನಿಸಬೇಕಾದ ಫಲಿತಾಂಶ ಇದು. ಸೊಂಟದ ಕೊಬ್ಬನ್ನಷ್ಟೇ ಆರಿಸಿ ಕರಗಿಸುವ ಬೆಲ್ಟು, ಬಸ್ಕಿ, ಚಹಾಪುಡಿ ಯಾವುದೂ ಇಲ್ಲ. ಮೈಪೂರ್ತಿ ಕೊಬ್ಬು ಇಳಿಯುವಾಗ ಹೊಟ್ಟೆಯೊಳಗಿನದು ಸಾಮಾನ್ಯವಾಗಿ ಮುಂಚಿತವಾಗಿ ಇಳಿಯುತ್ತದೆ.

ಅತಿ ಬೊಜ್ಜಿನವರಿಗೆ ಜಠರ ಕಿರಿದು ಮಾಡುವ ಶಸ್ತ್ರಚಿಕಿತ್ಸೆ ಬೆಂಗಳೂರಿನ ಹಲವು ಆಸ್ಪತ್ರೆಗಳಲ್ಲಿದೆ. ಹಸಿವು ತಗ್ಗಿಸುವ ಹೊಸ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ 2025ರಲ್ಲಿ ಬಂದವು: ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವಿಗೋವಿ. ತೂಕವನ್ನು ಅವು ಚೆನ್ನಾಗಿಯೇ ಇಳಿಸುತ್ತವೆ, ಜೊತೆಗೆ ಒಂದಿಷ್ಟು ಸ್ನಾಯುವನ್ನೂ. ವಿಗೋವಿಯಲ್ಲಿರುವ ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡು ಪಾಲು ಒಂದು ವರ್ಷದೊಳಗೆ ಮರಳಿತೆಂದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಹುಟ್ಟಿನಿಂದಲೇ ಸ್ನಾಯು ಕಡಿಮೆ ಇರುವ ಈ ಕಡೆಯ ಮೈಗಳಿಗೆ ಆ ಮದ್ದಿನ ಜೊತೆ ಬೇಳೆಕಾಳು, ಮೊಟ್ಟೆ ಮತ್ತು ಭಾರ ಎತ್ತುವ ವ್ಯಾಯಾಮ ಬಿಡುವಂತಿಲ್ಲ.